ಗಾಲಿ ಗುಂಡವ್ವ

ಮುದ್ದೇಬಿಹಾಳದ ಮಾರುಕಟ್ಟೆ ಅಂಗಳದಲ್ಲಿ ತೊಗರಿ ಚೀಲ ಹೊರುವ ಹಮಾಲರಿಗೆ ಗುಂಡವ್ವ ಮೊದಲು ಗೊತ್ತಾದದ್ದು ಗಾಲಿಯಿಂದಲ್ಲ, ರೊಟ್ಟಿಯಿಂದ. ಬಿಸಿಲೇರುವ ಹೊತ್ತಿಗೆ ಅವಳ ಮೂರು ಗಾಲಿಯ ಸೈಕಲ್ಲು ಅಂಗಳದ ಬೇವಿನ ಗಿಡದ ಕೆಳಗೆ ಬಂದು ನಿಲ್ಲುತ್ತಿತ್ತು. ಹಿಂದಿನ ತಗಡಿನ ಪೆಟ್ಟಿಗೆಯಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಒಂದು ಡಬ್ಬಿಯಲ್ಲಿ ಶೇಂಗಾ ಹಿಂಡಿ, ಇನ್ನೊಂದರಲ್ಲಿ ಪುಂಡಿಪಲ್ಯೆ. ರೊಟ್ಟಿ ಬಡಿಯುವುದು ತಾಯಿ ತಿಪ್ಪವ್ವ, ತಂದು ಮಾರುವುದು ಮಗಳು. ಮಾತು ಕಡಿಮೆ. ಯಾರಾದರೂ ಚೇಷ್ಟೆ ಮಾಡಿದರೆ ಹಿಂಡಿಯಲ್ಲಿ ಖಾರ ಹೆಚ್ಚಿರುವ ಕಡೆಯಿಂದ ಬಡಿಸುತ್ತಿದ್ದಳು, ಅಷ್ಟೇ.

ಅವಳು ನಡೆಯಲು ಕಲಿಯುವ ಮೊದಲೇ ಜ್ವರ ಬಂದು ಸೊಂಟದ ಕೆಳಗಿನ ಶಕ್ತಿಯನ್ನೆಲ್ಲ ಒಯ್ದಿತ್ತು. ಅವರ ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ, ಜನರೆಲ್ಲ ಗುಡ್ಡದ ಪಕ್ಕದ ಪುನರ್ವಸತಿ ಊರಿಗೆ ಬರುವಾಗ ತಿಪ್ಪವ್ವ ಒಂದು ಕೈಯಲ್ಲಿ ಗಂಟು ಹಿಡಿದು, ಬೆನ್ನ ಮೇಲೆ ಮಗಳನ್ನು ಹೊತ್ತು ಬಂದಳು. ಆಗಲೇ ಹುಡುಗಿ ಉದ್ದ ಬೆಳೆದಿದ್ದಳು. ಅವಳ ಪಾದಗಳು ತಾಯಿಯ ಮೊಣಕಾಲಿಗೆ ಬಡಿಯುತ್ತಿದ್ದವು. ಸಾಲಿಗೆ, ದವಾಖಾನೆಗೆ, ಬಯಲಿಗೆ ಎಲ್ಲಕ್ಕೂ ಅದೇ ಬೆನ್ನು. ಯಾವುದೋ ಶಿಬಿರದಲ್ಲಿ ಈ ಸೈಕಲ್ಲು ಸಿಕ್ಕ ದಿನ ತಿಪ್ಪವ್ವ ಮನೆಗೆ ಬಂದವಳೇ ನೆಲದ ಮೇಲೆ ಅಂಗಾತ ಮಲಗಿ ಬಹಳ ಹೊತ್ತು ಏಳಲೇ ಇಲ್ಲ.

ಸೈಕಲ್ಲಿನ ರಚನೆ ಸರಳವಾಗಿತ್ತು. ಹಿಂದೆ ಎರಡು ಗಾಲಿ, ನಡುವೆ ಕೂರುವ ಜಾಗ, ಮುಂದೆ ಒಂದು ಗಾಲಿ. ಕಾಲಿನಿಂದ ತುಳಿಯುವ ಪೆಡಲ್ಲು ಇಲ್ಲಿ ಎದೆಯ ಎತ್ತರದಲ್ಲಿತ್ತು. ಎರಡೂ ಕೈಯಿಂದ ತಿರುಗಿಸಿದರೆ ಚೈನು ಕೆಳಗಿಳಿದು ಮುಂದಿನ ಗಾಲಿಯನ್ನು ಎಳೆಯುತ್ತಿತ್ತು. ಗುಂಡವ್ವ ವರ್ಷಗಟ್ಟಲೆ ಅದನ್ನು ತಿರುಗಿಸಿದಳು. ಅವಳ ತೋಳುಗಳು ಹಮಾಲರ ತೋಳುಗಳಂತೆ ಗಟ್ಟಿಯಾದವು. ಆದರೆ ಗಾಲಿಯ ಒಳಗೆ ಏನಿದೆ ಎಂದು ಅವಳು ಒಮ್ಮೆಯೂ ಯೋಚಿಸಿರಲಿಲ್ಲ. ಪಂಚರ್ ಆದರೆ ತಮ್ಮ ಅರುಣಕುಮಾರ ತಿದ್ದಿಸಿ ತರುತ್ತಿದ್ದ. ಕಾಲುವೆಯ ಗೇಟು ನೋಡಿಕೊಳ್ಳುವ ದಿನಗೂಲಿ ಕೆಲಸ ಅವನದು.

ಒಂದು ವರ್ಷ ಸುಗ್ಗಿಯ ಹೊತ್ತಿಗೆ ಸೈಕಲ್ಲು ಒಂದು ಹೊಸ ಚಾಳಿ ಕಲಿತಿತ್ತು. ಬೆಳಗಿನ ಥಂಡಿಯಲ್ಲಿ ಹೊರಡುವಾಗ ಕೈ ಒಂದರ್ಧ ಸುತ್ತು ಬರಿದೇ ತಿರುಗಿ, ಆಮೇಲೆ ಖಟ್ ಎಂದು ಹಿಡಿದುಕೊಳ್ಳುತ್ತಿತ್ತು. ಹೇಗೂ ಹಿಡಿಯುತ್ತದಲ್ಲ ಎಂದು ಗುಂಡವ್ವ ಸುಮ್ಮನಿದ್ದಳು. ತಮ್ಮನಿಗೆ ಹೇಳಬೇಕೆಂದುಕೊಂಡು ಮರೆತಳು.

ತೊಗರಿ ಕೊಯ್ಯುವ ದಿನಗಳು. ಊರಿಗೆ ಊರೇ ಹೊಲದಲ್ಲಿತ್ತು, ಅರುಣಕುಮಾರನ ಹೆಂಡತಿಯೂ ಅಲ್ಲೇ. ಮಧ್ಯಾಹ್ನ ಒಲೆಯ ಮುಂದೆ ಕೂತಿದ್ದ ತಿಪ್ಪವ್ವ ಹಿಟ್ಟಿನ ಕೈಯಲ್ಲೇ ಎದೆ ಹಿಡಿದುಕೊಂಡಳು. ಮುಖದ ತುಂಬ ಬೆವರು.

"ಎದಿಮ್ಯಾಲೆ ಯಾರೋ ಬೀಸೂಕಲ್ಲ ಇಟ್ಟಂಗಾಗೇತಿ, ಗುಂಡಾ."

ಮನೆಯಲ್ಲಿದ್ದ ಒಂದೇ ಮೊಬೈಲು ಅರುಣಕುಮಾರನ ಕಿಸೆಯಲ್ಲಿ, ಅವನು ಕಾಲುವೆಯ ಮೇಲೆ. ಗುಂಡವ್ವ ಕೂಗಿ ಕೂಗಿ ಕರೆದಾಗ ಬಂದದ್ದು ಪಕ್ಕದ ಮನೆಯ ಮುದುಕಿ ಒಬ್ಬಳೇ. ಇಬ್ಬರೂ ಸೇರಿ ತಿಪ್ಪವ್ವನನ್ನು ಎಳೆದು, ಎತ್ತಿ, ರೊಟ್ಟಿಯ ಪೆಟ್ಟಿಗೆ ಇಡುತ್ತಿದ್ದ ಜಾಗದಲ್ಲಿ ಕೂರಿಸಿದರು. ಡಾಂಬರು ರಸ್ತೆ ಮುಟ್ಟಿದರೆ ಯಾವುದಾದರೂ ವಾಹನ ಸಿಗುತ್ತಿತ್ತು. ಊರಿನಿಂದ ಆ ರಸ್ತೆಗೆ ಒಂದು ಏರು. ದಿನವೂ ಹತ್ತುವ ಏರೇ ಅದು.

ಏರಿನ ನಡುವೆ ಗುಂಡವ್ವನ ಕೈಗೆ ಭಾರ ಬರುವುದು ನಿಂತಿತು. ಪೆಡಲ್ಲು ಗಾಳಿಯಲ್ಲಿ ತಿರುಗಿದಂತೆ ಹಗುರಾಗಿ ತಿರುಗಿತು. ಚೈನು ಓಡುತ್ತಿತ್ತು, ಗಾಲಿ ಓಡುತ್ತಿರಲಿಲ್ಲ. ಖಟ್ ಎನ್ನುತ್ತದೆ, ಈಗ ಹಿಡಿಯುತ್ತದೆ ಎಂದು ಅವಳು ಇನ್ನೂ ಜೋರಾಗಿ ತಿರುಗಿಸಿದಳು. ಹಿಡಿಯಲಿಲ್ಲ. ಸೈಕಲ್ಲು ಹಿಂದಕ್ಕೆ ಜಾರತೊಡಗಿದಾಗ ಬ್ರೇಕು ಒತ್ತಿ ಹಿಡಿದಳು. ಹಿಂದೆ ತಾಯಿಯ ಉಸಿರು ಕೇಳುತ್ತಿತ್ತು.

ಬ್ರೇಕಿನ ಹಿಡಿಗೆ ದಾರ ಬಿಗಿದು ಅವಳು ಸೀಟಿನಿಂದ ಕೆಳಗೆ ಉರುಳಿಕೊಂಡಳು. ತೆವಳಿ ಹೋಗಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟಳು. ಮುಂದೆ ಬಂದು, ದಾರ ಬಿಚ್ಚಿ, ಗಾಲಿಯ ಕಡ್ಡಿಗಳನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಗಾಲಿ ಒಂದು ಗೇಣು ಮುಂದೆ ಬಂತು. ಮತ್ತೆ ತೆವಳಿ ಕಲ್ಲು ಸರಿಸಿದಳು. ಮತ್ತೆ ಬಂದು ಎಳೆದಳು. ಕಡ್ಡಿಗಳು ಅಂಗೈಯನ್ನು ಕೊಯ್ದು ಟಾಯರಿನ ಮೇಲೆ ರಕ್ತ ಮೆತ್ತಿಕೊಂಡಿತು.

"ಬಿಡವ್ವಾ," ಎಂದಳು ತಿಪ್ಪವ್ವ ಮೇಲಿನಿಂದ. "ನಿನ್ನ ಕೈ ಹರೀತಾವ."

ಅದಾದ ಮೇಲೆ ಅವಳು ಮಾತಾಡಲಿಲ್ಲ. ಹೊಲದಿಂದ ತೊಗರಿ ಹೇರಿಕೊಂಡು ಬಂದ ಟ್ರ್ಯಾಕ್ಟರಿನವರು ಚೀಲಗಳನ್ನು ಅಲ್ಲೇ ಇಳಿಸಿ ಇಬ್ಬರನ್ನೂ ಮುದ್ದೇಬಿಹಾಳಕ್ಕೆ ಒಯ್ದರು. ದವಾಖಾನೆಯಲ್ಲಿ ವೈದ್ಯರು ಕೈ ಹಿಡಿದು ನೋಡಿ, ಹಾದಿಯಲ್ಲೇ ಹೋಗಿದ್ದಾರೆ ಎಂದರು. ಮೊದಲೇ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ಗುಂಡವ್ವ ಕೇಳಲಿಲ್ಲ. ಆ ಪ್ರಶ್ನೆಯ ಎರಡು ಉತ್ತರಗಳಲ್ಲಿ ಯಾವುದನ್ನೂ ಕೇಳುವ ಧೈರ್ಯ ಅವಳಿಗಿರಲಿಲ್ಲ.

ಸೈಕಲ್ಲನ್ನು ಅರುಣಕುಮಾರ ಏರಿನಿಂದ ತಂದು ತಿಪ್ಪೆಯ ಪಕ್ಕದಲ್ಲಿ ನಿಲ್ಲಿಸಿದ. ಗುಂಡವ್ವ ಮನೆಯೊಳಗೆ ಕೈಯೂರಿ ತೆವಳಿಕೊಂಡು ಓಡಾಡಿದಳು. ಹೊರಗೆ ಬರಲಿಲ್ಲ. ತಮ್ಮನ ಹೆಂಡತಿ ಅನ್ನ ಇಟ್ಟರೆ ಉಂಡಳು, ಇಡದಿದ್ದರೆ ಕೇಳಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ತಮ್ಮನನ್ನು ಕರೆದು, "ಆ ಸೈಕಲ್ ನಿಯಾಜಣ್ಣನ ಅಂಗಡಿಗೆ ಒಯ್ಯಿ. ನನ್ನೂ ಒಯ್ಯಿ," ಎಂದಳು.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಿಯಾಜನ ಅಂಗಡಿ. ಒಂದು ಕಾಲಕ್ಕೆ ತಾಸಿನ ಲೆಕ್ಕದಲ್ಲಿ ಬಾಡಿಗೆ ಸೈಕಲ್ಲು ಕೊಡುತ್ತಿದ್ದವನು, ಈಗ ಮೋಟರ್ ಸೈಕಲ್ಲಿನ ಟ್ಯೂಬು ತೂಗುಹಾಕಿಕೊಂಡು ಕೂತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಸೈಕಲ್ಲಿನ ಪೆಡಲ್ಲು ಒಮ್ಮೆ ತಿರುಗಿಸಿ ನೋಡಿ, "ಫ್ರೀವೀಲ್ ಹೋಗೇತಿ. ಹೊಸಾದು ಹಾಕ್ತೇನಿ, ಮುಗೀತು," ಎಂದ.

"ಬಿಚ್ಚಿ ತೋರಸ್ರಿ."

"ಬಿಚ್ಚೂದ್ಯಾಕವಾ? ಅದನ್ನ ಯಾರೂ ಬಿಚ್ಚಂಗಿಲ್ಲ. ಒಳಗ ಸಾಸಿವಿಕಾಳಿನಂಥ ಛರ್ರಾ ಇರ್ತಾವ, ಚೆಲ್ಲಿದ್ರ ಆರಿಸೂದ ಒಂದು ಕೆಲಸ."

"ನಾ ಆರಸ್ತೇನಿ. ಒಳಗ ಏನಾಗೇತಿ ಅನ್ನೂದು ನನಗ ನೋಡಬೇಕು."

ಅವಳ ದನಿಯಲ್ಲಿ ಏನೋ ಇತ್ತು. ನಿಯಾಜ ಗಾಲಿ ಕಳಚಿ, ಹಲ್ಲುಚಕ್ರದ ಮೇಲಿನ ಬಳೆಯನ್ನು ಉಳಿಯಿಂದ ಉಲ್ಟಾ ದಿಕ್ಕಿಗೆ ಹೊಡೆದು ಬಿಚ್ಚಿದ. ಛರ್ರಾಗಳು, ಅಂದರೆ ಉಕ್ಕಿನ ಪುಟ್ಟ ಗುಂಡುಗಳು, ಗೋಣಿತಟ್ಟಿನ ಮೇಲೆ ಉದುರಿದವು. ಒಳಗೆ ಎರಡು ಕಬ್ಬಿಣದ ನಾಲಿಗೆಗಳು, ಉಗುರಿನಷ್ಟು ಸಣ್ಣವು. ಅವುಗಳ ಕೆಳಗೆ ಕೂದಲಿನಂಥ ಸ್ಪ್ರಿಂಗು. ಹೊರಗಿನ ಬಳೆಯ ಒಳಮೈ ತುಂಬ ಗರಗಸದ ಹಲ್ಲು. ಪೆಡಲ್ಲು ತಿರುಗಿಸಿದಾಗ ಆ ನಾಲಿಗೆಗಳು ಹೊರಚಾಚಿ ಹಲ್ಲಿಗೆ ಸಿಕ್ಕಿಕೊಂಡು ಗಾಲಿಯನ್ನು ಎಳೆಯುತ್ತವೆ, ಕೈ ನಿಲ್ಲಿಸಿದಾಗ ಹಲ್ಲಿನ ಮೇಲೆ ಟಿಕ್ ಟಿಕ್ ಎಂದು ಜಾರುತ್ತವೆ ಎಂದು ನಿಯಾಜ ತೋರಿಸಿದ. ಇಲ್ಲಿ ಎರಡೂ ನಾಲಿಗೆಗಳು ಒಳಗೆ ಮಡಚಿಕೊಂಡು ಕೂತುಬಿಟ್ಟಿದ್ದವು. ಹಳೆಯ ಗ್ರೀಸು, ಹಾದಿಯ ಧೂಳು, ಮಾರುಕಟ್ಟೆಯ ಹೊಟ್ಟು ಎಲ್ಲ ಕೂಡಿ ಕರಿ ಅಂಟಾಗಿತ್ತು.

ಅವನು ಸೀಮೆಎಣ್ಣೆಯಲ್ಲಿ ಅದ್ದಿದ ಬ್ರಷ್ಷು ಸವರಿದ. ನಾಲಿಗೆ ಟಕ್ಕನೆ ಮೇಲೆದ್ದು ನಿಂತಿತು.

"ನೋಡು, ಇಷ್ಟ. ಮುರದಿಲ್ಲ, ಸವದಿಲ್ಲ. ನಾಕ ಹನಿ ಸೀಮೆಎಣ್ಣಿ ಬಿಟ್ಟಿದ್ರ ಸಾಕಾಗ್ತಿತ್ತು." ಹಾಗೆಂದು ನಗುತ್ತ ತಲೆಯೆತ್ತಿದವನು ಗುಂಡವ್ವನ ಮುಖ ಕಂಡು ಬ್ರಷ್ಷು ಕೆಳಗಿಟ್ಟ. ಅರುಣಕುಮಾರ ಅವನನ್ನು ಪಕ್ಕಕ್ಕೆ ಕರೆದು ನಡೆದದ್ದನ್ನು ಹೇಳಿದ. ನಿಯಾಜ ವಾಪಸು ಬಂದು ಕೂತು, ಕೈಯೊರೆಸುವ ಅರಿವೆಯಿಂದ ಒಂದೇ ಛರ್ರಾವನ್ನು ಬಹಳ ಹೊತ್ತು ಒರೆಸಿದ.

"ನನಗ ಕಲಸ್ರಿ," ಎಂದಳು ಗುಂಡವ್ವ.

ಅವಳು ಕಲಿತದ್ದು ಪ್ರೀತಿಯಿಂದಲ್ಲ. ಶತ್ರುವಿನ ಮನೆಯ ಕೋಣೆ ಕೋಣೆ ಹೊಕ್ಕು ನೋಡುವವರ ಹಾಗೆ ಕಲಿತಳು. ಗಾಲಿಯ ನಡುವಿನ ಹಬ್ಬನ್ನು ಬಿಚ್ಚಿದಳು. ಅದರೊಳಗಿನ ಅಚ್ಚು, ಅಚ್ಚಿನ ಎರಡು ಕಡೆ ಕೋನು ಎಂಬ ಮೊನಚು ನಟ್ಟು, ಕೋನಿಗೂ ಬಟ್ಟಲಿಗೂ ನಡುವೆ ಸುತ್ತಲೂ ಛರ್ರಾ. ಕೋನು ಹೆಚ್ಚು ಬಿಗಿಯಾದರೆ ಛರ್ರಾ ಬಟ್ಟಲನ್ನು ತಿನ್ನುತ್ತವೆ. ಸಡಿಲಾದರೆ ಗಾಲಿ ಆ ಕಡೆ ಈ ಕಡೆ ಆಡುತ್ತದೆ. ಸರಿಯಾಗಿ ಇಟ್ಟೆನೆಂದು ಹೊರಗಿನ ನಟ್ಟು ಬಿಗಿದರೆ ಕೋನೂ ಅದರ ಜೊತೆ ಬಿಗಿಯುತ್ತದೆ. ಆದ್ದರಿಂದ ಮೊದಲೇ ಕೂದಲೆಳೆಯಷ್ಟು ಸಡಿಲ ಬಿಡಬೇಕು. ಆ ಎಳೆಯ ಲೆಕ್ಕ ಕಣ್ಣಿಗೆ ಸಿಗುವುದಿಲ್ಲ, ಬೆರಳಿಗೆ ಸಿಗಬೇಕು. ಅವಳ ಬೆರಳಿಗೆ ಅದು ಸಿಗಲು ಒಂದು ಮಳೆಗಾಲವೇ ಹೋಯಿತು.

ಟಾಯರಿನ ಪಾಠ ಬೇರೆ. ಒಮ್ಮೆ ಬಸವನ ಬಾಗೇವಾಡಿಯಿಂದ ಬಂದವನೊಬ್ಬ ತನ್ನ ಮೂರು ಗಾಲಿಯ ಸೈಕಲ್ಲಿಗೆ ಇಪ್ಪತ್ತಾರರ ಟಾಯರು ತಂದಿದ್ದ. ಗಾಲಿಯೂ ಇಪ್ಪತ್ತಾರು ಇಂಚಿನದೇ. ಆದರೂ ಅದು ರಿಮ್ಮಿನ ಮೇಲೆ ಏರಲೊಲ್ಲದು. ಗುಂಡವ್ವ ಲಿವರು ಹಾಕಿ ತಿಣುಕಿ ಉಗುರು ಕಿತ್ತುಕೊಂಡಳು. ನಿಯಾಜ ಟಾಯರಿನ ಮಗ್ಗುಲಲ್ಲಿ ಅಚ್ಚಾಗಿದ್ದ ಸಣ್ಣ ಅಂಕಿಗಳನ್ನು ತೋರಿಸಿದ.

"ದೊಡ್ಡ ಅಕ್ಷರ ನಂಬಬ್ಯಾಡ. ಇಪ್ಪತ್ತಾರು ಅಂದ್ರ ಹೊರಗಿನ ಅಂದಾಜು. ರಿಮ್ಮಿಗೆ ಕೂಡೂ ಅಳತಿ ಇದು, ಮೂರಂಕಿದು. ಇದು ಐದುನೂರಾ ಐವತ್ತೊಂಬತ್ತು, ದಪ್ಪ ಟಾಯರಿನ ಸೈಕಲ್ಲಿಂದು. ಇವನ ಗಾಲೀದು ಹೆಣ್ಮಕ್ಕಳ ಸೈಕಲ್ಲಿನ ರಿಮ್ಮು, ಐದುನೂರಾ ತೊಂಬತ್ತು. ಹೆಸರು ಒಂದ, ಗಾಲಿ ಬ್ಯಾರೆ."

"ಮತ್ತ ಹಳೀ ದೊಡ್ಡ ಸೈಕಲ್ಲು?"

"ಇಪ್ಪತ್ತೆಂಟರದು? ಆರುನೂರಾ ಮೂವತ್ತೈದು. ಅದರ ಮುಂದಿನ ನಲವತ್ತು ಐತಲ್ಲ, ಅದು ಟಾಯರಿನ ಅಗಲ. ಅಗಲ ಹೆಚ್ಚುಕಮ್ಮಿ ಆದ್ರೂ ನಡೀತೈತಿ. ಮೂರಂಕಿ ತಪ್ಪಿದ್ರ ನಡ್ಯಂಗಿಲ್ಲ."

ಆಮೇಲೆ ಅವಳು ಯಾವ ಟಾಯರು ಕಂಡರೂ ಮೊದಲು ಮಗ್ಗುಲಿನ ಧೂಳೊರೆಸಿ ಅಂಕಿ ಓದುತ್ತಿದ್ದಳು.

ಗುಂಡವ್ವ ಕೈಸೈಕಲ್ಲು ತಿದ್ದುತ್ತಾಳೆಂಬ ಸುದ್ದಿ ತಾನಾಗಿಯೇ ಹಬ್ಬಿತು. ಕೈಸೈಕಲ್ಲುಗಳನ್ನು ಕೊಡುವವರು ಕೊಡುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಕೆಟ್ಟ ಮೇಲೆ ಊರಿನ ಸೈಕಲ್ಲಿನವನು ಇದು ನಮ್ಮದಲ್ಲ ಅನ್ನುತ್ತಾನೆ, ಮೋಟರಿನವನು ಮುಟ್ಟುವುದೂ ಇಲ್ಲ. ಇಂಡಿ, ಸಿಂದಗಿ, ಬಾಗೇವಾಡಿಯ ಹಳ್ಳಿಗಳಲ್ಲಿ ಅವು ದನದ ಕೊಟ್ಟಿಗೆಯಲ್ಲಿ, ಜೋಳದ ಕಣಕಿಯ ಬಣವೆಯ ಹಿಂದೆ ಬಿದ್ದಿದ್ದವು. ಅವುಗಳ ಒಡೆಯರು ಹೊಸ್ತಿಲ ಒಳಗೆ ಬಿದ್ದಿದ್ದರು. ನಿಯಾಜ ತನ್ನ ಅಂಗಡಿಯ ಒಂದು ಮೂಲೆಯನ್ನು ಗುಂಡವ್ವನಿಗೆ ಬಿಟ್ಟುಕೊಟ್ಟ. ರೊಟ್ಟಿಯ ಕೆಲಸ ತಮ್ಮನ ಹೆಂಡತಿ ಹಿಡಿದಳು. ಗುಂಡವ್ವ ಸ್ಪ್ಯಾನರಿನ ಚೀಲ ಕೊರಳಿಗೆ ಹಾಕಿಕೊಂಡು, ತನ್ನದೇ ಒಂದು ಮೊಬೈಲು ಇಟ್ಟುಕೊಂಡು ಬಸ್ಸು ಹತ್ತತೊಡಗಿದಳು. ಹತ್ತುವುದೆಂದರೆ ಕೈಯಿಂದ ಬಾಗಿಲಿನ ಕಂಬಿ ಹಿಡಿದು ತನ್ನನ್ನು ತಾನೇ ಮೇಲಕ್ಕೆಳೆದುಕೊಳ್ಳುವುದು. ಮೊದಮೊದಲು ಜನ ನೋಡುತ್ತಿದ್ದರು. ಆಮೇಲೆ "ಗಾಲಿ ಗುಂಡವ್ವ ಬಂದ್ಳು, ಸರೀರಿ" ಎಂದು ಜಾಗ ಬಿಡುತ್ತಿದ್ದರು.

ಹಾಗೆ ಅವಳು ಸಿಂದಗಿ ತಾಲ್ಲೂಕಿನ ಯಂಕಂಚಿಗೆ ಹೋದದ್ದು ಮಾಳಿಂಗರಾಯನಿಗಾಗಿ. ಕುರಿ ಕಾಯುವ ಅಮಸಿದ್ದನ ಒಬ್ಬನೇ ಮಗ. ಎರಡು ವರ್ಷದ ಹಿಂದೆ ಕಬ್ಬಿನ ಟ್ರಾಲಿಯ ಮೇಲಿಂದ ಬಿದ್ದು ಅದೇ ಟ್ರಾಲಿಯ ಗಾಲಿಗೆ ಎರಡೂ ಕಾಲು ಕೊಟ್ಟಿದ್ದ. ಕುರಿಯ ಹಟ್ಟಿಯ ಪಕ್ಕದ ಗುಡಿಸಲಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದ. ಸೈಕಲ್ಲು ಹೊಸದೇ ಇತ್ತು. ಕುರಿಗಳು ಅದರ ಸೀಟಿಗೆ ಮೈಯುಜ್ಜುತ್ತಿದ್ದವು.

"ಇದನ್ಯಾಕ ಹೊಡದಿಲ್ಲ?" ಕೇಳಿದಳು ಗುಂಡವ್ವ.

"ಎಲ್ಲಿಗೆ ಹೊಡೀಲಿ?" ಅವನು ತಿರುಗದೆಯೇ ಹೇಳಿದ. "ಹಟ್ಟಿ ದಾಟಿದ್ರ ಎರಿ ಮಣ್ಣು. ಗಾಲಿ ಹುಗೀತಾವ. ಮಳಿ ಆದ್ರ ಅಂಟಿ ತಿರುಗಂಗಿಲ್ಲ."

ಅವನು ಹೇಳಿದ್ದು ನಿಜವಾಗಿತ್ತು. ಆ ಕಪ್ಪು ನೆಲದಲ್ಲಿ ಕಿರಿದಾದ ಟಾಯರು ಚಾಕುವಿನಂತೆ ಇಳಿಯುತ್ತಿತ್ತು. ಅಗಲ ಟಾಯರು ಹಾಕಿದರೆ ಒಣ ಮಣ್ಣಿನ ಮೇಲೆ ತೇಲುತ್ತದೆ, ಆದರೆ ಹಸಿಯಾದಾಗ ಟಾಯರಿಗೂ ಮಡಗಾರ್ಡಿಗೂ ನಡುವೆ ಮಣ್ಣು ತುಂಬಿ ಗಾಲಿ ಕಟ್ಟಿಹೋಗುತ್ತದೆ. ಗುಂಡವ್ವ ಇಡೀ ದಿನ ಹಟ್ಟಿಯ ಅಂಗಳದಲ್ಲಿ ಕೂತಳು. ಮಡಗಾರ್ಡುಗಳನ್ನು ಕಿತ್ತೊಗೆದಳು. ಗಾಲಿ ಹಿಡಿದಿರುವ ಕವಲಿನ ನಡುವೆ ಬೆರಳಿಟ್ಟು ಅಳೆದು, ಅದೇ ರಿಮ್ಮಿಗೆ ಕೂಡುವ, ಮಣ್ಣಿಗೆ ದಾರಿ ಬಿಡುವ ಅಗಲದ ಟಾಯರನ್ನು ಸಿಂದಗಿಯಿಂದ ತರಿಸಿದಳು. ಗಾಳಿ ಸ್ವಲ್ಪ ಕಡಿಮೆ ಹೊಡೆದಳು. ಮುಂದಿನ ಹಬ್ಬಿಗೆ ಹಲ್ಲು ಹೆಚ್ಚಿರುವ ಫ್ರೀವೀಲ್ ಹಾಕಿದಳು. ವೇಗ ಕಡಿಮೆಯಾಗುತ್ತದೆ, ಆದರೆ ಕೈಗೆ ಭಾರವೂ ಕಡಿಮೆಯಾಗುತ್ತದೆ. ಕೋನುಗಳನ್ನು ಮತ್ತೆ ಮತ್ತೆ ಬಿಚ್ಚಿ ಕೂಡಿಸಿದಳು. ಅಮಸಿದ್ದ ದೂರದಲ್ಲಿ ಕೋಲಿಗೆ ಗದ್ದ ಊರಿ ನೋಡುತ್ತಿದ್ದ. ಸಂಜೆ ಅವನು ಮಗನನ್ನು ಎತ್ತಿ ತಂದು ಕೂರಿಸಿದ.

ಮಾಳಿಂಗರಾಯ ಹಟ್ಟಿಯ ಬಾಗಿಲು ದಾಟಿದ. ಎರಿ ಮಣ್ಣಿಗೆ ಇಳಿದ. ನಿಂತ. ಮತ್ತೆ ತಿರುಗಿಸಿದ. ಸೈಕಲ್ಲು ಒಡ್ಡು ಏರಿ ಹಾದಿಗೆ ಬಿತ್ತು. ಅವನು ಹಿಂದಿರುಗಿ ನೋಡಲೇ ಇಲ್ಲ. ಕಣ್ಮರೆಯಾಗುವ ತನಕ ಹೋದ. ಅಮಸಿದ್ದ ಕೋಲೂರಿ ಹಟ್ಟಿಯ ಬಾಗಿಲ ತನಕ ಹೋಗಿ ನಿಂತ. ಕತ್ತಲಾಗುವ ಹೊತ್ತಿಗೆ ಮಗ ಬೆವೆತು ತೊಯ್ದು ಮರಳಿದಾಗ ಒಂದು ಚೊಂಬು ಮಜ್ಜಿಗೆ ಕುಡಿದು, "ಅಪ್ಪಾ, ಹಸಿವಾಗೇತಿ," ಎಂದ.

ಮುಂದಿನ ಬೇಸಿಗೆಯಲ್ಲಿ ಅವನ ಫೋನು ಬಂತು. "ಅಕ್ಕಾ, ಸಿಂದಗಿ ಸಂತ್ಯಾಗದೇನಿ. ಇಂಡಿ ನಿಂಬಿಕಾಯಿ ಮಾರಾಕತ್ತೇನಿ. ಜನರ ಗದ್ದಲ ಕೇಳಸ್ತೈತೇನ?" ಫೋನನ್ನು ಎತ್ತಿ ಹಿಡಿದಿರಬೇಕು. ಗುಂಡವ್ವನಿಗೆ ಸಂತೆಯ ಕೂಗಾಟ ಕೇಳಿಸಿತು. ಅವತ್ತು ಅವಳು ನಿಯಾಜನ ಅಂಗಡಿಯಲ್ಲಿ ಯಾರಿಗೂ ಕಾಣದಂತೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಅವನು ಪದೇ ಪದೇ ಫೋನು ಮಾಡುತ್ತಿದ್ದ. ಫೋನನ್ನೇ ಗಾಲಿಯ ಹತ್ತಿರ ಹಿಡಿದು ತಿರುಗಿಸಿ, "ಸಪ್ಪಳ ಹೆಂಗೈತಿ ಹೇಳು," ಎನ್ನುತ್ತಿದ್ದ. ಹಬ್ಬಿನ ಕರಕರ ಕೇಳಿ ಅವಳು ಎಡಗಡೆಯ ಕೋನು ಸಡಿಲಿಸು ಎನ್ನುತ್ತಿದ್ದಳು.

ಕಬ್ಬಿನ ಹಂಗಾಮು ಶುರುವಾದ ತಿಂಗಳಲ್ಲಿ ಒಂದು ಸಂಜೆ, ಸಂತೆ ಮುಗಿಸಿ ಹೆದ್ದಾರಿಯ ಅಂಚಿನಲ್ಲಿ ಊರಿಗೆ ಬರುತ್ತಿದ್ದ ಮಾಳಿಂಗರಾಯನಿಗೆ ಹಿಂದಿನಿಂದ ಲಾರಿಯೊಂದು ಬಡಿಯಿತು. ಕಬ್ಬಿನ ಟ್ರಾಲಿಯನ್ನು ದಾಟಿ ಹೋಗುವ ಆತುರದಲ್ಲಿತ್ತಂತೆ. ಅದು ನಿಲ್ಲಲಿಲ್ಲ. ಚೀಲ ಒಡೆದು ನಿಂಬೆಕಾಯಿ ರಸ್ತೆಯ ತುಂಬ ಹರಡಿದ್ದವು ಎಂದು ಕಂಡವರು ಹೇಳಿದರು.

ಗುಂಡವ್ವ ಮರುದಿನ ಯಂಕಂಚಿಗೆ ಹೋದಳು. ಮಣ್ಣು ಮಾಡುವುದು ಮುಗಿದಿತ್ತು. ಅಮಸಿದ್ದ ಕಂಬಳಿ ಹೊದ್ದು ಹಟ್ಟಿಯ ಬಾಗಿಲಲ್ಲಿ ಕೂತಿದ್ದ. ಅವಳು ತೆವಳಿ ಹತ್ತಿರ ಹೋದಳು. ಅವನು ಬೈಯಲಿಲ್ಲ, ದನಿ ಎತ್ತಲಿಲ್ಲ.

"ನೀ ಬರಬಾರದಾಗಿತ್ತವಾ," ಎಂದ. "ಇವತ್ತು ಅನ್ನಾಕತ್ತಿಲ್ಲ. ಅವತ್ತ ಬರಬಾರದಾಗಿತ್ತು. ಗ್ವಾಡಿಗೆ ಮಾರಿ ಮಾಡ್ಕೊಂಡರ ಇರ್ತಿದ್ದ. ನನ್ನ ಕಣ್ಣಮುಂದ ಇರ್ತಿದ್ದ."

ಗುಂಡವ್ವ ಹೊತ್ತು ಮುಳುಗುವ ತನಕ ಅಲ್ಲೇ ಕೂತಿದ್ದಳು. ಕುರಿಗಳು ಅವಳ ಸುತ್ತ ಹಾದು ಒಳಗೆ ಹೋದವು. ಯಾರೂ ಅವಳಿಗೆ ನೀರು ಕೊಡಲಿಲ್ಲ, ಅವಳೂ ಕೇಳಲಿಲ್ಲ.

ಊರಿಗೆ ಮರಳುವ ಮೊದಲು ಅವಳು ಪೊಲೀಸ್ ಠಾಣೆಗೆ ಹೋಗಿ, ಅಂಗಳದಲ್ಲಿ ಬಿದ್ದಿದ್ದ ಮಾಳಿಂಗರಾಯನ ಸೈಕಲ್ಲು ನೋಡಬೇಕೆಂದು ಕೇಳಿದಳು. ಪಹರೆಯವನು ಅವಳನ್ನೊಮ್ಮೆ ನೋಡಿ, ನೋಡಿಕೋ ಎಂದ. ಹಿಂದಿನ ಎರಡು ಗಾಲಿಗಳು ಹಪ್ಪಳದಂತೆ ಮಡಚಿಹೋಗಿದ್ದವು. ಮುಂದಿನದು ಉಳಿದಿತ್ತು. ಅವಳಿಗೆ ತಿಳಿಯಬೇಕಾಗಿದ್ದದ್ದು ಒಂದೇ. ಲಾರಿಯ ಸದ್ದು ಕೇಳಿ ಅವನು ರಸ್ತೆಯಿಂದ ಕೆಳಗಿಳಿಯಲು ತಿರುಗಿಸಿರುತ್ತಾನೆ. ಆಗ ಗಾಲಿ ಅವನ ಕೈಗೆ ಬಂತೋ ಇಲ್ಲವೋ? ಅವಳು ಪೆಡಲ್ಲು ತಿರುಗಿಸಿದಳು. ಫ್ರೀವೀಲ್ ಕೂಡಲೇ ಹಿಡಿಯಿತು. ಬ್ರೇಕಿನ ತಂತಿ ಗಟ್ಟಿಯಾಗಿತ್ತು. ಅಚ್ಚು ಹಿಡಿದು ಅಲುಗಿಸಿ ನೋಡಿದಳು, ಕೋನು ಅವಳು ಬಿಟ್ಟ ಎಳೆಯಷ್ಟೇ ಸಡಿಲವಾಗಿತ್ತು. ಎಲ್ಲವೂ ಸರಿಯಾಗಿತ್ತು.

ಎಲ್ಲೋ ಒಂದು ನಟ್ಟು ತಪ್ಪಿದ್ದರೆ ಅವಳು ತನ್ನನ್ನು ಬೈದುಕೊಳ್ಳಬಹುದಿತ್ತು. ತಪ್ಪಿರಲಿಲ್ಲ. ಅವಳು ಮಾಡಿದ ಕೆಲಸ ಚೆನ್ನಾಗಿತ್ತು. ಆ ಚೆನ್ನಾದ ಗಾಲಿಯೇ ಅವನನ್ನು ಗುಡಿಸಲಿನಿಂದ ಹೆದ್ದಾರಿಗೆ ತಂದು ನಿಲ್ಲಿಸಿತ್ತು.

ಅವಳು ಕೆಲಸ ಬಿಟ್ಟಳು. ಫೋನು ಬಂದರೆ ಎತ್ತಲಿಲ್ಲ. ಸ್ಪ್ಯಾನರಿನ ಚೀಲ ನಿಯಾಜನ ಅಂಗಡಿಯ ಮೊಳೆಗೆ ತೂಗಿಕೊಂಡೇ ಇತ್ತು. ಮನೆಯ ಕಟ್ಟೆಯ ಮೇಲೆ ಕೂತು ತೊಗರಿ ಹಸನು ಮಾಡಿಕೊಟ್ಟಳು, ರೊಟ್ಟಿ ಬಡಿದಳು. ನಿಯಾಜ ಒಂದು ದಿನ ಊರಿಗೇ ಬಂದ.

"ಲಾರಿ ಹೊಡದಿದ್ದು ಲಾರಿಯಂವ, ನೀ ಅಲ್ಲ," ಎಂದ.

"ಗೊತ್ತೈತ್ರಿ."

"ಮತ್ತ?"

"ಗೊತ್ತಿದ್ರೂ ಕೈ ಬರವಲ್ದು."

ನಿಯಾಜ ಚಹಾ ಕುಡಿದು ಹೋದ. ಮತ್ತೆ ಒತ್ತಾಯ ಮಾಡಲಿಲ್ಲ.

ಮಳೆಗಾಲ ಬಂದು ಹೋದ ಮೇಲೆ ಒಂದು ಮುಂಜಾನೆ ಟಂಟಂ ಆಟೊವೊಂದು ಅವಳ ಮನೆಯ ಮುಂದೆ ನಿಂತಿತು. ಅದರೊಳಗೆ ಒಂದು ಕೈಸೈಕಲ್ಲು, ಅದರ ಪಕ್ಕದಲ್ಲಿ ಮುದುಡಿ ಕೂತ ಹೆಂಗಸು. ಬಸವನ ಬಾಗೇವಾಡಿಯ ಕಡೆಯವಳು, ಹೆಸರು ಸುರೇಖಾ. ಬಾವಿಗೆ ಬಿದ್ದು ಅವಳ ಬೆನ್ನು ಮುರಿದ ಮೇಲೆ ಗಂಡ ತವರಿಗೆ, ಅಣ್ಣ ಅತ್ತಿಗೆಯ ಬಳಿಗೆ, ಕಳಿಸಿದ್ದ. ಗುಂಡವ್ವ ಸೈಕಲ್ಲಿನ ಕಡೆ ನೋಡದೆ, "ನಾ ಈಗ ಮಾಡಂಗಿಲ್ಲ. ಬ್ಯಾರೆ ಕಡೆ ಒಯ್ರಿ," ಎಂದಳು.

"ಬ್ಯಾರೆ ಕಡೆ ಎಲ್ಲೈತ್ರಿ?" ಎಂದಳು ಸುರೇಖಾ. ಟಂಟಂನವನು ಅವಳನ್ನೂ ಸೈಕಲ್ಲನ್ನೂ ಕಟ್ಟೆಯ ಕೆಳಗೆ ಇಳಿಸಿ, ಸಂಜೆ ಬರುತ್ತೇನೆಂದು ಹೋಗಿಬಿಟ್ಟ.

ಇಬ್ಬರೂ ಕೂತರು. ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಬಿಸಿಲು ಕಟ್ಟೆಯನ್ನು ಮುಟ್ಟಿತು. ಗುಂಡವ್ವ ರೊಟ್ಟಿ ಕೊಟ್ಟಳು, ಸುರೇಖಾ ಅರ್ಧ ತಿಂದು, ನೀರು ಬೇಡ ಎಂದು ಕೈಯಾಡಿಸಿದಳು. ಹಾಗೆ ನೀರು ಬೇಡವೆನ್ನುವುದು ಏಕೆಂದು ಗುಂಡವ್ವನಿಗೆ ಗೊತ್ತಿತ್ತು. ಬಹಳ ಹೊತ್ತಾದ ಮೇಲೆ ಅವಳು, ಹಿಂದೆ ಯಾರನ್ನೂ ಕೇಳಿರದ ಒಂದು ಮಾತು ಕೇಳಿದಳು.

"ಸೈಕಲ್ ಮ್ಯಾಲೆ ಎಲ್ಲಿಗೆ ಹೋಗಬೇಕಂತ ಮಾಡೀದಿ?"

ಸುರೇಖಾ ತಲೆ ತಗ್ಗಿಸಿದಳು. "ಎಲ್ಲಿಗೂ ಇಲ್ರಿ. ಮನಿ ಹಿಂದ ಪಾಯಖಾನೈತಿ. ಅಲ್ಲಿ ಮಟ ಹ್ವಾದ್ರ ಸಾಕು. ನಮ್ಮ ವೈನಿ ದಿನಾ ಎತ್ಕೊಂಡು ಒಯ್ಯೂ ಮುಂದ..." ಮಾತು ಅಲ್ಲಿಗೇ ನಿಂತಿತು. ಉಳಿದ ಅರ್ಧ ರೊಟ್ಟಿಯನ್ನು ಪಕ್ಕಕ್ಕೆ ಸರಿಸಿ, "ಆಕಿ ಒಯ್ಯಬೇಕಾಗತೈತಿ ಅಂತ ನಾ ಉಣ್ಣೂದ ಬಿಟ್ಟೇನ್ರಿ," ಎಂದಳು.

ಗುಂಡವ್ವ ಕಟ್ಟೆಯಿಂದ ಕೆಳಗಿಳಿದು ಸೈಕಲ್ಲಿನ ಹಿಂದಿನ ಗಾಲಿ ತಿರುಗಿಸಿದಳು. ಹಬ್ಬು ಕರಕರ ಅಂದಿತು. ಕೋನು ಬಿಗಿದು ಛರ್ರಾ ಪುಡಿಯಾಗಿದ್ದವು. ಒಳಗೆ ತಿರುಗಿ, ತಮ್ಮನ ಹೆಂಡತಿಯನ್ನು ಕರೆದು, "ಅರುಣನ್ನ ಮುದ್ದೇಬಿಹಾಳಕ್ಕ ಕಳಸು. ಅಂಗಡ್ಯಾಗ ನನ್ನ ಚೀಲೈತಿ, ತರ್ಲಿ," ಎಂದಳು.

ಆ ದಿನದ ಕೆಲಸ ನಿಧಾನವಾಗಿ ನಡೆಯಿತು. ಬೆರಳುಗಳು ಮರೆತಿದ್ದವು. ಒಂದು ಕೋನನ್ನು ಹೆಚ್ಚು ಬಿಗಿದು ಮತ್ತೆ ಬಿಚ್ಚಬೇಕಾಯಿತು. ಸಂಜೆ ಸುರೇಖಾ ಅಂಗಳದಲ್ಲಿ ಎರಡು ಸುತ್ತು ಹೊಡೆದು, ತಾನಾಗಿಯೇ ಮನೆಯ ಹಿಂದಕ್ಕೆ ಹೋಗಿ ಬಂದು, ಒಂದು ಚೊಂಬು ನೀರು ಕೇಳಿ ಕುಡಿದಳು.

ಗುಂಡವ್ವ ಮತ್ತೆ ಕೆಲಸ ಹಿಡಿದಳು. ಸಿಂದಗಿಯ ಹಾದಿಯ ಬಸ್ಸು ಮಾತ್ರ ಹತ್ತಲಿಲ್ಲ. ತಾನು ತಿದ್ದಿದ ಪ್ರತಿಯೊಂದು ಸೈಕಲ್ಲಿನ ಬೆನ್ನಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸುತ್ತಿದ್ದಳು. ಕಬ್ಬಿನ ದಿನಗಳಲ್ಲಿ ದೊಡ್ಡ ರಸ್ತೆಗೆ ಹೋಗಬ್ಯಾಡ್ರಿ ಎಂದು ಹೇಳುತ್ತಿದ್ದಳು. ಅವರು ಹ್ಞೂಂ ಎಂದು ತಲೆಯಾಡಿಸಿ ದೊಡ್ಡ ರಸ್ತೆಗೇ ಹೋಗುತ್ತಿದ್ದರು. ಸಂತೆ, ಆಸ್ಪತ್ರೆ, ಕಚೇರಿ ಎಲ್ಲವೂ ಇದ್ದದ್ದು ಅದೇ ರಸ್ತೆಯ ಮೇಲೆ. ಅಮಸಿದ್ದ ಮಾರುಕಟ್ಟೆಗೆ ಉಣ್ಣೆ ತಂದಾಗ ಒಂದೆರಡು ಸಲ ಅವಳಿಗೆ ಕಂಡ. ನೋಡಿಯೂ ನೋಡದಂತೆ ದಾಟಿ ಹೋದ. ಅವಳೂ ಕರೆಯಲಿಲ್ಲ.

ಎರಡು ವರ್ಷದಿಂದ ಅವಳ ಬಲಭುಜ ಏಳುವುದಿಲ್ಲ. ಇಷ್ಟು ಕಾಲ ಕಾಲಿನ ಕೆಲಸವನ್ನೂ ಮಾಡಿದ ತೋಳಿನ ಕೀಲು ಸವೆದಿದೆ, ಇನ್ನು ಸೈಕಲ್ಲು ತಿರುಗಿಸಬಾರದು, ಬಸ್ಸಿನ ಕಂಬಿ ಹಿಡಿದು ಹತ್ತಬಾರದು ಎಂದು ವೈದ್ಯರು ಹೇಳಿದ್ದಾರೆ. ಅಂಗಡಿ ಬಿಟ್ಟರೆ ಅವಳು ಎಲ್ಲಿಗೂ ಹೋಗುವುದಿಲ್ಲ. ನಿಯಾಜ ಹಾಸಿಗೆ ಹಿಡಿದಿದ್ದಾನೆ. ಅವನ ಅಂಗಡಿಯ ಬಾಗಿಲು ತೆಗೆದು ಅವಳನ್ನು ಮೂಲೆಯಲ್ಲಿ ಕೂರಿಸಿ ಅರುಣಕುಮಾರ ಕಾಲುವೆಗೆ ಹೋಗುತ್ತಾನೆ. ಈಗ ಅವಳ ಬಳಿಗೆ ಜನ ಬರುವುದೂ ಕಡಿಮೆ, ಗಾಲಿಗಳೇ ಬರುತ್ತವೆ. ಇಂಡಿಯಿಂದ, ಬಾಗೇವಾಡಿಯಿಂದ ಯಾರೋ ಗಾಲಿಯನ್ನಷ್ಟೇ ಕಳಚಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾರೆ. ಅವನು ಅದನ್ನು ಉರುಳಿಸಿಕೊಂಡು ಓಣಿಗೆ ಬಂದು, "ಅಕ್ಕಾ, ನಾಳಿ ಹೊಳ್ಳಿ ಒಯ್ತೇನಿ," ಎಂದು ಗೋಡೆಗೆ ಆನಿಸಿ ಹೋಗುತ್ತಾನೆ. ಅದು ಯಾರದು, ಅವರಿಗೆ ಏನಾಗಿದೆ, ಎಲ್ಲಿಗೆ ಹೋಗಬೇಕಾಗಿದೆ ಎಂಬುದು ಅವಳಿಗೆ ತಿಳಿಯುವುದಿಲ್ಲ. ಎಡಗೈಯಿಂದ ಗಾಲಿಯನ್ನು ಮಡಿಲಿಗೆ ಎಳೆದುಕೊಂಡು, ಅಚ್ಚಿನ ನಟ್ಟಿಗೆ ಸ್ಪ್ಯಾನರು ಹಾಕುತ್ತಾಳೆ.